ಅಜ್ಜಿಯ ಸಾಕ್ಷಿ, ಆಸ್ಪತ್ರೆಯ ಟಿಪ್ಪಣಿ ಮತ್ತು ಮೇಲಿನ ಕೋರ್ಟು

ಆಟದ ಮೈದಾನದಲ್ಲಿ ಮಗುವಿಗೆ ಪೆಟ್ಟಾಗುತ್ತದೆ. ಶಾಲೆಯ ಮೇಲೋ ಕೌನ್ಸಿಲ್ ಮೇಲೋ ನಿರ್ಲಕ್ಷ್ಯದ ದಾವೆ ಹೂಡುತ್ತಾರೆ. ಎರಡು ಮೂರು ವರ್ಷ ಅಲೆದ ಮೇಲೆ ಕೇಸು ಸೋಲುತ್ತದೆ. ಆಗ ಮನೆಯವರೂ ಸ್ನೇಹಿತರೂ ಕೇಳುವ ಪ್ರಶ್ನೆ ಒಂದೇ: "ಅಪೀಲು ಹೋಗಬಹುದಲ್ಲ?" ಹೋಗಬಹುದು. ಆದರೆ ಅಪೀಲು ಎಂದರೆ ಸೋತ ಪಂದ್ಯವನ್ನು ಮೊದಲ ಓವರಿನಿಂದ ಮತ್ತೆ ಆಡುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಮೇಲಿನ ಕೋರ್ಟಿನಲ್ಲಿ ಸಾಮಾನ್ಯವಾಗಿ ಯಾವ ಸಾಕ್ಷಿಯನ್ನೂ ಮತ್ತೆ ಕಟಕಟೆಗೆ ಕರೆಯುವುದಿಲ್ಲ. ಮೂವರು ನ್ಯಾಯಾಧೀಶರು ಕೆಳಗಿನ ಕೋರ್ಟಿನ ದಾಖಲೆಗಳನ್ನು, ಸಾಕ್ಷಿಗಳ ಮಾತಿನ ಲಿಖಿತ ಪ್ರತಿಯನ್ನು ಓದಿ, ಎರಡೂ ಕಡೆಯ ವಕೀಲರ ವಾದ ಕೇಳಿ, ಕೆಳಗಿನವರು ಎಲ್ಲಿ ಎಡವಿದರು ಎಂಬುದನ್ನು ಮಾತ್ರ ಹುಡುಕುತ್ತಾರೆ. "ಅವರು ನಮ್ಮ ಮಾತು ನಂಬಲಿಲ್ಲ" ಎಂಬ ನೋವು ಅಲ್ಲಿ ತಾನಾಗಿಯೇ ಒಂದು ಕಾರಣವಾಗುವುದಿಲ್ಲ. ಅದು ಯಾವಾಗ ಕಾರಣವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. ಭಾರತದಿಂದ ಬಂದ ನಮಗೆ ಹೈಕೋರ್ಟಿನ ಮೇಲೆ ಸುಪ್ರೀಂ ಕೋರ್ಟು. ಆಸ್ಟ್ರೇಲಿಯಾದಲ್ಲಿ ಅದು ತಲೆಕೆಳಗು. ಇಲ್ಲಿ ಪ್ರತಿ ರಾಜ್ಯಕ್ಕೂ ಒಂದು ಸುಪ್ರೀಂ ಕೋರ್ಟು, ದೇಶಕ್ಕೆಲ್ಲ ಕೊನೆಯದು ಕ್ಯಾನ್‌ಬೆರಾದ ಹೈಕೋರ್ಟು. ನ್ಯೂ ಸೌತ್ ವೇಲ್ಸ್‌ನಲ್ಲಿ ಮಗುವಿನ ಗಾಯದ ದಾವೆ ಹೆಚ್ಚಾಗಿ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ನಡೆಯುತ್ತದೆ. ಅಲ್ಲಿಂದ ಅಪೀಲು ಸುಪ್ರೀಂ ಕೋರ್ಟಿನ ಭಾಗವಾದ ಕೋರ್ಟ್ ಆಫ್ ಅಪೀಲ್‌ಗೆ. ವಿವಾದದ ಮೊತ್ತ 1,00,000 ಡಾಲರಿಗಿಂತ ಕಡಿಮೆಯಿದ್ದರೆ ಅಪೀಲು ಮಾಡುವುದಕ್ಕೇ ಆ ಕೋರ್ಟಿನ ಅನುಮತಿ ಬೇಕು. ಹೈಕೋರ್ಟಿಗಂತೂ ವಿಶೇಷ ಅನುಮತಿ ಇಲ್ಲದೆ ಪ್ರವೇಶವೇ ಇಲ್ಲ.

ನಾನು ವಕೀಲನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ದುಡಿದು ನಿವೃತ್ತನಾದ ವೈದ್ಯ. ಆದರೆ ಆ ಕೆಲಸದಲ್ಲಿ ಬರೆದ ಟಿಪ್ಪಣಿಗಳು ಕೋರ್ಟಿಗೆ ಹೋಗುತ್ತವೆ, ಅವುಗಳ ಹಿಂದೆ ನಾವೂ ಆಗಾಗ ಹೋಗಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ಆಸ್ಪತ್ರೆಯ ಕಡೆಯ ಬಾಗಿಲಿನಿಂದ ನೋಡಿದ್ದೇನೆ.

ಆಟದ ಮೈದಾನದ ಗಾಯಗಳಲ್ಲಿ ನಮಗೆ ತುಂಬ ಪರಿಚಿತವಾದದ್ದು ಮಂಕಿ ಬಾರ್‌ನಿಂದ ಬಿದ್ದು ಮೊಳಕೈ ಮೇಲ್ಭಾಗದ ಮೂಳೆ ಮುರಿಯುವುದು. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಇದು ಅತಿ ಹೆಚ್ಚು. ಬೀಳುವಾಗ ಮಗು ಸಹಜವಾಗಿ ಕೈ ಚಾಚುತ್ತದೆ, ಮೈಯ ಭಾರವೆಲ್ಲ ನೆಟ್ಟಗಾದ ಮೊಳಕೈ ಮೇಲೆ ಬೀಳುತ್ತದೆ, ಅಲ್ಲಿ ಮೂಳೆ ತೆಳುವಾಗಿರುವುದರಿಂದ ಮುರಿಯುತ್ತದೆ. ಮುರಿದ ತುದಿಯ ಹತ್ತಿರವೇ ಕೈಯ ಮುಖ್ಯ ರಕ್ತನಾಳ, ಮೂರು ನರಗಳು ಹಾದುಹೋಗುತ್ತವೆ. ಹಾಗಾಗಿಯೇ ಡಾಕ್ಟರು ಮಗುವಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ಮಾಡು ಎಂದು ಹೇಳುವುದು. ಆಟ ಆಡಿಸುತ್ತಿದ್ದಾರೆ ಎಂದು ತಾಯಂದಿರು ಅಂದುಕೊಳ್ಳುತ್ತಾರೆ. ನಾವು ನೋಡುತ್ತಿರುವುದು ನರ ಕೆಲಸ ಮಾಡುತ್ತಿದೆಯೇ ಎಂದು. ಬಹುಪಾಲು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಕೆಲವರಿಗೆ ಕೈ ಸ್ವಲ್ಪ ಸೊಟ್ಟಗೆ ಉಳಿಯುತ್ತದೆ, ಬೆರಳಲ್ಲಿ ಜೋಮು ಉಳಿಯುತ್ತದೆ. ದಾವೆಗಳು ಹುಟ್ಟುವುದು ಸಾಮಾನ್ಯವಾಗಿ ಈ ಕೆಲವರ ಮನೆಗಳಲ್ಲಿ.

ಪೆಟ್ಟಾಯಿತು ಎಂದ ಮಾತ್ರಕ್ಕೆ ಯಾರದೋ ನಿರ್ಲಕ್ಷ್ಯವಿತ್ತು ಎಂದಾಗುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ 2002ರ ಸಿವಿಲ್ ಲಯಬಿಲಿಟಿ ಕಾಯ್ದೆಯ ಪ್ರಕಾರ ಅಪಾಯ ಮುಂಚೆಯೇ ಊಹಿಸಬಹುದಾದದ್ದಾಗಿರಬೇಕು, ಅದು ಕ್ಷುಲ್ಲಕವಾಗಿರಬಾರದು, ಮತ್ತು ವಿವೇಕವುಳ್ಳ ಯಾರೇ ಆದರೂ ಆ ಜಾಗದಲ್ಲಿದ್ದಿದ್ದರೆ ಮುನ್ನೆಚ್ಚರಿಕೆ ವಹಿಸುತ್ತಿದ್ದರು ಎಂದು ತೋರಿಸಬೇಕು. ಆಗ ಕೋರ್ಟು ತೂಗಿ ನೋಡುವುದು ನಾಲ್ಕು ವಿಷಯ: ಅಪಘಾತ ಆಗುವ ಸಾಧ್ಯತೆ ಎಷ್ಟು, ಆದರೆ ಎಷ್ಟು ಗಂಭೀರ, ತಡೆಯಲು ಎಷ್ಟು ಹೊರೆ, ಮತ್ತು ಆ ಚಟುವಟಿಕೆಯಿಂದ ಸಮಾಜಕ್ಕೆ ಏನು ಉಪಯೋಗ. ನೋವು, ಸಂಕಟಕ್ಕೆ ಕೊಡುವ ಪರಿಹಾರಕ್ಕೆ ಇನ್ನೊಂದು ಹೊಸ್ತಿಲಿದೆ. ಅತ್ಯಂತ ತೀವ್ರ ಪ್ರಕರಣವನ್ನು ನೂರು ಎಂದಿಟ್ಟುಕೊಂಡರೆ ನಿಮ್ಮದು ಕನಿಷ್ಠ 15 ಇರಬೇಕು. ಚೆನ್ನಾಗಿ ಕೂಡಿಕೊಂಡ ಮೂಳೆಗೆ ಆ ಹೊಸ್ತಿಲು ದಾಟುವುದು ಕಷ್ಟ.

ಶಾಲಾ ಮೈದಾನದ ಮೇಲ್ವಿಚಾರಣೆಯ ಬಗ್ಗೆ ಹೈಕೋರ್ಟಿನ ಮೂರು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ರೇಖೆ ಎಲ್ಲಿದೆ ಎಂಬುದು ಕಾಣುತ್ತದೆ. 1977ರದು ನ್ಯೂ ಸೌತ್ ವೇಲ್ಸ್‌ನ ಎಂಟು ವರ್ಷದ ಹುಡುಗಿಯ ಪ್ರಕರಣ. ಶಾಲೆಯ ಗೇಟು ಬೆಳಿಗ್ಗೆ ಬೇಗ ತೆರೆಯುತ್ತಿದ್ದರು, ಮಕ್ಕಳು ಬಂದು ಸೇರುತ್ತಿದ್ದರು, ಆದರೆ ಆ ಹೊತ್ತಿಗೆ ನೋಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ. ಯಾರೋ ಬೀಸಿದ ಸಾಫ್ಟ್‌ಬಾಲ್ ಬ್ಯಾಟು ಹುಡುಗಿಗೆ ತಗುಲಿತು. ಗೇಟು ತೆರೆದು ಮಕ್ಕಳನ್ನು ಒಳಗೆ ಬಿಟ್ಟುಕೊಂಡ ಮೇಲೆ ಹೊಣೆ ಶುರುವಾಯಿತು ಎಂದು ಹುಡುಗಿಯ ಪರವಾಗಿ ತೀರ್ಪಾಯಿತು. 1982ರದು ಕ್ಯಾನ್‌ಬೆರಾದ ಒಂದು ಹೈಸ್ಕೂಲಿನದು. ಅಪಘಾತ ನಡೆದ ದಿನ ಪ್ರಾಂಶುಪಾಲರು ತೀರಿಕೊಂಡಿದ್ದರು, ಅದನ್ನು ತಿಳಿಸಲು ಶಿಕ್ಷಕರೆಲ್ಲರ ಸಭೆ ಕರೆದಿದ್ದರು, ಮೈದಾನದಲ್ಲಿ ಉಳಿದಿದ್ದು ಒಬ್ಬರೇ ಶಿಕ್ಷಕರು. ಹುಡುಗರು ಬಾವುಟದ ಕಂಬದ ಹಗ್ಗಕ್ಕೆ ಜೋತಾಡಿದರು, ತುದಿಯ ಲೋಹದ ಭಾಗ ಕಳಚಿ ಒಬ್ಬ ಹುಡುಗನ ತಲೆಯ ಮೇಲೆ ಬಿತ್ತು. ಅಂಥ ದುಃಖದ ದಿನದಲ್ಲೂ ಕೋರ್ಟು ರಿಯಾಯಿತಿ ಕೊಡಲಿಲ್ಲ. ಮಕ್ಕಳ ಬಗೆಗಿನ ಈ ಹೊಣೆಯನ್ನು ಬೇರೆಯವರಿಗೆ ವಹಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದಿತು.

ಮೂರನೆಯದು 2005ರದು, ನನ್ನ ಮಟ್ಟಿಗೆ ಇದೇ ಬಹಳ ಮುಖ್ಯವಾದದ್ದು. ಕ್ಯಾನ್‌ಬೆರಾದ ಒಂದು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ 'ಫ್ಲೈಯಿಂಗ್ ಫಾಕ್ಸ್' ಇತ್ತು. ಹಿಡಿಕೆ ಹಿಡಿದು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ತೇಲಿಕೊಂಡು ಹೋಗುವ ಸಾಧನ. ಎಂಟು ವರ್ಷದ ಹುಡುಗಿ ಹೋಗುತ್ತಿದ್ದಾಗ ಇಬ್ಬರು ಮಕ್ಕಳು ಅವಳ ಕಾಲು ಹಿಡಿದೆಳೆದರು, ಅವಳು ಬಿದ್ದು ಮುಖಕ್ಕೆ ಪೆಟ್ಟಾಯಿತು. ಒಬ್ಬರನ್ನೊಬ್ಬರು ಮುಟ್ಟಬಾರದು ಎಂಬ ನಿಯಮ ಶಾಲೆಯಲ್ಲಿತ್ತು. ಕರ್ತವ್ಯದಲ್ಲಿದ್ದ ಶಿಕ್ಷಕಿಯೂ ಇದ್ದರು. ಆದರೆ ಅವರು ಬೇರೆ ಜಾಗವನ್ನೂ ನೋಡಿಕೊಳ್ಳಬೇಕಿತ್ತು, ಘಟನೆ ಆದ ಕೆಲವು ಸೆಕೆಂಡುಗಳಲ್ಲಿ ಅವರ ಕಣ್ಣು ಇತ್ತ ಇರಲಿಲ್ಲ. ವಿಚಾರಣೆಯಲ್ಲಿ ಶಾಲೆ ಗೆದ್ದಿತು, ಅಪೀಲಿನಲ್ಲಿ ಹುಡುಗಿ ಗೆದ್ದಳು, ಹೈಕೋರ್ಟಿನಲ್ಲಿ ನಾಲ್ಕು ಒಂದರ ಬಹುಮತದಿಂದ ಮತ್ತೆ ಶಾಲೆ ಗೆದ್ದಿತು. ಪ್ರತಿ ಮಗುವಿನ ಮೇಲೆ ಪ್ರತಿ ಕ್ಷಣ ಕಣ್ಣಿಡುವುದು ಕಾನೂನು ಕೇಳುವ ವಿವೇಕವಲ್ಲ, ಅದು ಮಕ್ಕಳ ಬೆಳವಣಿಗೆಗೂ ಒಳ್ಳೆಯದಲ್ಲ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಮೆಕ್‌ಹ್ಯೂ ಒಬ್ಬರೇ ಭಿನ್ನಮತ ಬರೆದರು. ಸಾವಿರಾರು ಮುರಿದ ಕೈಗಳನ್ನು ನೋಡಿದ ಮೇಲೂ ನನ್ನ ಮನಸ್ಸು ಬಹುಮತದ ಕಡೆಗೇ ಇದೆ. ಮರ ಹತ್ತದ, ಬಾರಿಗೆ ಜೋತು ಬೀಳದ ಬಾಲ್ಯಕ್ಕೂ ವೈದ್ಯರು ಬೇರೆ ರೀತಿಯಲ್ಲಿ ಬೆಲೆ ತೆರುವುದನ್ನು ನೋಡುತ್ತಾರೆ.

ಈಗ ನಮ್ಮವರದೇ ಒಂದು ಪ್ರಕರಣಕ್ಕೆ ಬರುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಏಳು ವರ್ಷದ ಹುಡುಗ. ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋಗಲು ಊರಿನಿಂದ ಬಂದಿದ್ದ ಅಜ್ಜಿ ಬಂದಿದ್ದರು, ವಯಸ್ಸು ಎಪ್ಪತ್ತೆರಡು. ಅವರು ಬೆಂಚಿನ ಮೇಲಿಟ್ಟಿದ್ದ ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಹುಡುಗ ಮಂಕಿ ಬಾರ್ ಮೇಲಿನಿಂದ ಬಿದ್ದ. ಅಲ್ಲಿದ್ದ ಇನ್ನೊಬ್ಬ ಮಗುವಿನ ತಂದೆ, ತೆಲುಗಿನವರು, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ತಮಗೆ ತಿಳಿದಷ್ಟು ಇಂಗ್ಲಿಷಿಗೆ ತಿರುಗಿಸಿ ನರ್ಸಿಗೆ ಹೇಳಿದರು. ಅಜ್ಜಿ ಹೇಳಿದ್ದು "ಹಾರಿ ಬಿದ್ದ" ಎಂದು. ಟಿಪ್ಪಣಿಯಲ್ಲಿ ಬಂದದ್ದು "ಮಂಕಿ ಬಾರ್‌ನಿಂದ ಜಂಪ್ ಮಾಡಿದ, ಅಜ್ಜಿ ನೋಡಿದ್ದಾರೆ" ಎಂದು.

ನಮ್ಮ ಮಾತಿನಲ್ಲಿ ಹಾರಿ ಬೀಳುವುದು ಎಂದರೆ ಬೇಕೆಂದು ನೆಗೆಯುವುದಲ್ಲ. ಬೈಕಿನಿಂದ ಹಾರಿ ಬಿದ್ದ ಎಂದರೆ ಎಸೆಯಲ್ಪಟ್ಟ ಎಂದರ್ಥ. ಆದರೆ ಪದಕ್ಕೆ ಪದ ಇಟ್ಟರೆ ಇಂಗ್ಲಿಷಿನಲ್ಲಿ ಹುಡುಗ ತಾನೇ ನೆಗೆದಂತಾಯಿತು. ಬರೆದುಕೊಂಡವರಿಗೆ ಇದರಿಂದ ಏನೂ ವ್ಯತ್ಯಾಸವಿರಲಿಲ್ಲ. ನೆಗೆದರೂ ಜಾರಿದರೂ ಯಾರೋ ಎಳೆದರೂ ಎಕ್ಸ್‌ರೇ ಒಂದೇ, ಶಸ್ತ್ರಚಿಕಿತ್ಸೆ ಒಂದೇ. ಹುಡುಗನ ನಾಡಿ ನೋಡಿದರು, ನರ ಪರೀಕ್ಷಿಸಿದರು, ಅದೇ ರಾತ್ರಿ ಮೂಳೆ ಕೂಡಿಸಿ ತಂತಿ ಹಾಕಿದರು. ಕೆಲಸ ಚೆನ್ನಾಗಿಯೇ ಮಾಡಿದರು. ಆದರೂ ಕಿರುಬೆರಳಿನ ಜೋಮು ಹೋಗಲಿಲ್ಲ, ಮೊಳಕೈ ಪೂರ್ತಿ ನೆಟ್ಟಗಾಗಲಿಲ್ಲ.

ಎರಡನೆಯ ಗಂಟು ಬಿದ್ದದ್ದು ವಕೀಲರ ಕಚೇರಿಯಲ್ಲಿ. ಅಜ್ಜಿಯ ಹೇಳಿಕೆಯನ್ನು ಮಗನೇ ಅನುವಾದಿಸಿದರು. "ಪಕ್ಕದ ಹುಡುಗ ಕಾಲು ಎಳೆದನಂತೆ, ಹತ್ತಿರ ಯಾವ ಟೀಚರೂ ಇರಲಿಲ್ಲ" ಎಂದು ಅಜ್ಜಿ ಅಂದಿದ್ದರು. ಆ 'ಅಂತೆ' ಎಂಬ ಎರಡಕ್ಷರ ಇಂಗ್ಲಿಷಿನಲ್ಲಿ ಉಳಿಯಲಿಲ್ಲ. ಕನ್ನಡದಲ್ಲಿ 'ಎಳೆದ' ಎಂದರೆ ನಾನು ಕಂಡದ್ದು, 'ಎಳೆದನಂತೆ' ಎಂದರೆ ನಾನು ಕೇಳಿದ್ದು. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಗೆರೆಯನ್ನು ನಮ್ಮ ಭಾಷೆ ಕ್ರಿಯಾಪದದ ಬಾಲದಲ್ಲೇ ಕಟ್ಟಿಕೊಟ್ಟಿದೆ. ಕೋರ್ಟುಗಳು ಪಾಟೀಸವಾಲಿನಲ್ಲಿ ಗಂಟೆಗಟ್ಟಲೆ ಹುಡುಕುವುದೂ ಅದೇ ಗೆರೆಯನ್ನು. ವಿಚಾರಣೆಯ ದಿನ ಸರಿಯಾದ ದುಭಾಷಿ ಇದ್ದರು. ಎದುರು ಪಕ್ಷದ ವಕೀಲರು "ಎಳೆದದ್ದನ್ನು ನೀವು ನೋಡಿದಿರಾ?" ಎಂದು ಕೇಳಿದರು. ಅಜ್ಜಿ ಪ್ರಾಮಾಣಿಕವಾಗಿ "ಇಲ್ಲ, ಮಗು ಹೇಳಿದ್ದು" ಎಂದರು. ದಾಖಲೆಯಲ್ಲಿ ಅದು ಹೇಳಿಕೆ ಬದಲಾಯಿಸಿದಂತೆ ಕಂಡಿತು. ಆಸ್ಪತ್ರೆಯ ಟಿಪ್ಪಣಿಯಲ್ಲಿ ಇನ್ನೊಬ್ಬ ಹುಡುಗನ ಸುದ್ದಿಯೇ ಇರಲಿಲ್ಲ. ಶಿಕ್ಷಕಿ ಮಾತ್ರ ತಾವು ಗೇಟಿನ ಹತ್ತಿರ ನಿಂತಿದ್ದುದಾಗಿಯೂ ಮಕ್ಕಳಿಗೆ ಕೆಳಗಿಳಿಯಲು ಹೇಳಿದ್ದುದಾಗಿಯೂ ಸಾಕ್ಷಿ ನುಡಿದರು. ಕರ್ತವ್ಯದ ಪಟ್ಟಿಯಲ್ಲಿ ಅವರ ಹೆಸರಿತ್ತು. ದಾವೆ ವಜಾ ಆಯಿತು.

ಅಜ್ಜಿಯ ಮಾತನ್ನು ನಂಬದೆ ಶಿಕ್ಷಕಿಯ ಮಾತನ್ನು ನಂಬಿದ ಈ ನಿರ್ಧಾರವನ್ನು ಮೇಲಿನ ಕೋರ್ಟು ಮುಟ್ಟುತ್ತದೆಯೇ? ಇಲ್ಲಿ ಸುಮಾರು ನೂರು ವರ್ಷದ ಕಥೆಯಿದೆ. 1927ರಲ್ಲಿ ಎರಡು ಹಡಗುಗಳ ಡಿಕ್ಕಿಯ ಪ್ರಕರಣದಲ್ಲಿ ಇಂಗ್ಲೆಂಡಿನ ಲಾರ್ಡ್ ಸಮ್ನರ್, ಸಾಕ್ಷಿಗಳನ್ನು ಕಣ್ಣಾರೆ ಕಾಣದ ಮೇಲಿನ ನ್ಯಾಯಾಧೀಶರು ಯಾವಾಗಲೂ ಒಂದು ಅನನುಕೂಲದಲ್ಲಿರುತ್ತಾರೆ ಎಂದರು. ಅಲ್ಲಿಂದ ಮುಂದೆ, ಆಸ್ಟ್ರೇಲಿಯಾದಲ್ಲೂ, ಸಾಕ್ಷಿಯನ್ನು ನಂಬುವ ಬಿಡುವ ಕೆಲಸ ಕೆಳಗಿನ ನ್ಯಾಯಾಧೀಶರದ್ದು ಎಂಬ ಧೋರಣೆ ಗಟ್ಟಿಯಾಯಿತು. 1993ರ ಹೈಕೋರ್ಟಿನ ಮಾತಿನಂತೆ, ಕೆಳಗಿನವರು ಆ ಅನುಕೂಲವನ್ನು ಸ್ಪಷ್ಟವಾಗಿ ದುರುಪಯೋಗ ಮಾಡಿದ್ದರೆ, ಅಥವಾ ನಿರ್ವಿವಾದವಾದ ಸಂಗತಿಗಳಿಗೆ ವಿರುದ್ಧವಾದ, ಇಲ್ಲವೇ ಮೇಲುನೋಟಕ್ಕೇ ನಂಬಲಾಗದ ಸಾಕ್ಷ್ಯವನ್ನು ಒಪ್ಪಿದ್ದರೆ ಮಾತ್ರ ಮೇಲಿನ ಕೋರ್ಟು ಕೈ ಹಾಕಬೇಕು.

ಇದನ್ನು ಸ್ವಲ್ಪ ಸಡಿಲಿಸಿದ್ದು 2003ರ ಕುದುರೆ ಪ್ರಕರಣ. ಕುದುರೆ ಸವಾರಿ ಮಾಡುತ್ತಿದ್ದ ಮಹಿಳೆಗೂ ಎದುರಿನಿಂದ ಬಂದ ಕೊಂಬಿ ವ್ಯಾನಿಗೂ ಡಿಕ್ಕಿಯಾಯಿತು. ಯಾರು ರಸ್ತೆಯ ತಪ್ಪು ಬದಿಯಲ್ಲಿದ್ದರು ಎಂಬುದೇ ಪ್ರಶ್ನೆ. ವಿಚಾರಣೆಯ ನ್ಯಾಯಾಧೀಶರು ಸವಾರಳ ಕಡೆಯ ಸಾಕ್ಷ್ಯ ನಂಬಿ ಅವಳ ಪರ ತೀರ್ಪು ಕೊಟ್ಟರು. ಆದರೆ ವ್ಯಾನು ಬ್ರೇಕು ಹಾಕಿದಾಗ ರಸ್ತೆಯ ಮೇಲೆ ಬಿದ್ದ ಚಕ್ರದ ಗುರುತು ಪೂರ್ತಿಯಾಗಿ ವ್ಯಾನಿನ ಸರಿಯಾದ ಬದಿಯಲ್ಲೇ ಇತ್ತು. ಆಂಬುಲೆನ್ಸಿನವರು ಬರೆದುಕೊಂಡ ಟಿಪ್ಪಣಿಯಲ್ಲೂ ಕುದುರೆ ತಪ್ಪು ಬದಿಯಲ್ಲಿತ್ತು ಎಂಬ ಮಾತಿತ್ತು. ಕೋರ್ಟ್ ಆಫ್ ಅಪೀಲ್ ತೀರ್ಪನ್ನು ತಿರುಗಿಸಿತು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮೇಲಿನ ಕೋರ್ಟಿಗೆ ಸಾಕ್ಷ್ಯವನ್ನು ತಾನೇ ಪರಿಶೀಲಿಸುವ ಕರ್ತವ್ಯವಿದೆ, 'ನಂಬಿದ್ದೇನೆ' ಎಂಬ ಒಂದು ಮಾತು ಆ ಬಾಗಿಲನ್ನು ಮುಚ್ಚುವುದಿಲ್ಲ ಎಂದಿತು. ಜೊತೆಗೆ ಅಂದಿನ ಮುಖ್ಯ ನ್ಯಾಯಮೂರ್ತಿ ಗ್ಲೀಸನ್, ನ್ಯಾಯಮೂರ್ತಿಗಳಾದ ಗಮ್ಮೋ ಮತ್ತು ಕರ್ಬಿ ಸೇರಿ ಬರೆದ ತೀರ್ಪಿನಲ್ಲಿ ಇನ್ನೊಂದು ವಿಷಯ ಎತ್ತಿದರು: ಮುಖ ನೋಡಿ ಸತ್ಯ ಸುಳ್ಳು ಹೇಳುವ ಶಕ್ತಿ ನ್ಯಾಯಾಧೀಶರಿಗಾಗಲಿ ಯಾರಿಗೇ ಆಗಲಿ ಇದೆಯೇ ಎಂದು ವಿಜ್ಞಾನ ಸಂಶಯಪಡುತ್ತಿದೆ.

ಸಂಶಯ ಸರಿಯಾಗಿಯೇ ಇದೆ. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ಮನೋವಿಜ್ಞಾನಿಗಳು ಈ ಬಗೆಯ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನ ಸುಳ್ಳನ್ನೂ ಸತ್ಯವನ್ನೂ ಸರಿಯಾಗಿ ಗುರುತಿಸಿದ್ದು ಶೇ. 54ರಷ್ಟು ಮಾತ್ರ. ನಾಣ್ಯ ಚಿಮ್ಮಿದರೆ ಶೇ. 50 ಸಿಗುತ್ತದೆ. ಇಂಗ್ಲೆಂಡಿನ ನ್ಯಾಯಮೂರ್ತಿ ಆಟ್ಕಿನ್ 1924ರಲ್ಲೇ, ಗೊತ್ತಿರುವ ಸಂಗತಿಗಳ ಜೊತೆ ಸಾಕ್ಷ್ಯವನ್ನು ಹೋಲಿಸಿ ಸಿಗುವ ಒಂದು ಔನ್ಸು, ಹಾವಭಾವ ನೋಡಿ ಸಿಗುವ ಪೌಂಡುಗಟ್ಟಲೆ ತೂಕಕ್ಕಿಂತ ಮೇಲು ಎಂಬ ಅರ್ಥದ ಮಾತು ಹೇಳಿದ್ದರು. ನಮ್ಮ ಮನೆಗಳಲ್ಲಿ ಬೆಳೆದ ಹಿರಿಯರಿಗಂತೂ ಈ ಹಾವಭಾವದ ಪರೀಕ್ಷೆ ಇನ್ನೂ ಅಪಾಯಕಾರಿ. ದೊಡ್ಡವರ ಎದುರು ಕಣ್ಣು ತಗ್ಗಿಸಿ ಮಾತಾಡುವುದು ನಮಗೆ ಮರ್ಯಾದೆ, ಇಲ್ಲಿ ಅಳುಕು. ತಲೆಯನ್ನು ಅತ್ತಿತ್ತ ಆಡಿಸಿದರೆ ನಮಗೆ 'ಹೂಂ', ಇಲ್ಲಿಯವರಿಗೆ ಅದು ಹೌದೋ ಅಲ್ಲವೋ ತಿಳಿಯದು. ಪ್ರಶ್ನೆ ಪೂರ್ತಿಯಾಗುವ ಮೊದಲೇ ಸೌಜನ್ಯಕ್ಕೆ "ಹೌದು ಹೌದು" ಎನ್ನುವ ಅಭ್ಯಾಸ ದಾಖಲೆಯಲ್ಲಿ ಒಪ್ಪಿಗೆಯಾಗಿ ಕೂರುತ್ತದೆ.

ಇನ್ನು ಆಸ್ಪತ್ರೆಯ ಟಿಪ್ಪಣಿ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಯಾವ ಡಾಕ್ಟರನ್ನಾದರೂ ಕೇಳಿ, ಮೆಡಿಕೊ-ಲೀಗಲ್ ರಿಜಿಸ್ಟರಿನಲ್ಲಿ ನಾವು ಬರೆಯುತ್ತಿದ್ದುದು 'ಅಲೆಜ್ಡ್ ಹಿಸ್ಟರಿ ಆಫ್ ಫಾಲ್' ಎಂದು. ಅಂದರೆ ಬಿದ್ದನೆಂದು ಅವರು ಹೇಳುತ್ತಾರೆ, ನಾನು ಕಂಡಿಲ್ಲ. ಕನ್ನಡದ 'ಅಂತೆ'ಗೆ ಅದು ಇಂಗ್ಲಿಷಿನ ತಮ್ಮ. ಇಲ್ಲಿ ಆ ರೂಢಿಯಿಲ್ಲ, ನೇರವಾಗಿ 'ಬಿದ್ದ' ಎಂದೇ ಬರೆಯುತ್ತಾರೆ. ಹೀಗಾಗಿ ಟಿಪ್ಪಣಿ ಸಾಕ್ಷಿಗಿಂತ ಹೆಚ್ಚು ಖಚಿತವಾಗಿ ಕಾಣುತ್ತದೆ. ಇದರ ಬಗ್ಗೆ ನ್ಯೂ ಸೌತ್ ವೇಲ್ಸ್‌ನ ಕೋರ್ಟ್ ಆಫ್ ಅಪೀಲ್ 2009ರಲ್ಲಿ, ನ್ಯಾಯಮೂರ್ತಿ ಬಾಸ್ಟೆನ್ ಅವರ ಲೇಖನಿಯಿಂದ, ಒಂದು ಒಳ್ಳೆಯ ಎಚ್ಚರಿಕೆ ಕೊಟ್ಟಿದೆ. ವೈದ್ಯಕೀಯ ಟಿಪ್ಪಣಿಗೂ ಸಾಕ್ಷಿಯ ಮಾತಿಗೂ ಹೊಂದಿಕೆಯಾಗದಿದ್ದರೆ ಕೂಡಲೇ ಸಾಕ್ಷಿಯನ್ನು ಅವಿಶ್ವಾಸದಿಂದ ನೋಡಬೇಡಿ. ಬರೆದುಕೊಂಡ ವೈದ್ಯರನ್ನು ಕೋರ್ಟಿನಲ್ಲಿ ಪ್ರಶ್ನಿಸಿರುವುದಿಲ್ಲ, ಎಷ್ಟು ಹೊತ್ತಿನಲ್ಲಿ ಯಾವ ಪರಿಸ್ಥಿತಿಯಲ್ಲಿ ಬರೆದರೋ ಗೊತ್ತಿಲ್ಲ. ಅವರು ಬರೆದದ್ದು ಚಿಕಿತ್ಸೆಗಾಗಿ, ಕೇಸಿಗಾಗಿ ಅಲ್ಲ. ಯಾವ ಪ್ರಶ್ನೆಗೆ ಆ ಉತ್ತರ ಬಂತೆಂದು ಟಿಪ್ಪಣಿ ಹೇಳುವುದಿಲ್ಲ. ಅದು ಸಾರಾಂಶ, ಮಾತಿಗೆ ಮಾತು ಅಲ್ಲ. ಮತ್ತು ರೋಗಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದೂ ಟಿಪ್ಪಣಿಯ ಮೇಲೆ ಪರಿಣಾಮ ಬೀರುತ್ತದೆ. ಈ ಕೊನೆಯ ಮಾತು ಓದಿದಾಗ ನಮ್ಮಂಥವರ ಮನೆಯ ಕಥೆ ಗೊತ್ತಿದ್ದೇ ಬರೆದಿದ್ದಾರೆ ಅನ್ನಿಸಿತು.

ವಸ್ತುಗಳ ಸಾಕ್ಷ್ಯವಾದರೂ ಯಾವಾಗಲೂ ಮೇಲುಗೈ ಎಂದುಕೊಳ್ಳಬೇಡಿ. 2019ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಾರು ಅಪಘಾತದ ಒಂದು ಪ್ರಕರಣ ಹೈಕೋರ್ಟಿಗೆ ಬಂತು. ಓಡಿಸುತ್ತಿದ್ದದ್ದು ತಂದೆಯೋ ಹದಿನೇಳರ ಮಗನೋ ಎಂಬುದು ವಿವಾದ; ಮಗನಿಗೆ ಕೈಕಾಲು ಸ್ವಾಧೀನ ತಪ್ಪಿತ್ತು. ಚಾಲಕನ ಏರ್‌ಬ್ಯಾಗಿನ ಮೇಲೆ ಮಗನ ರಕ್ತ ಸಿಕ್ಕಿತ್ತು, ಆದ್ದರಿಂದ ಮಗನೇ ಚಾಲಕ ಎಂದು ಕೆಳಗೆ ತೀರ್ಪಾಯಿತು. ಹೈಕೋರ್ಟು ಅದನ್ನು ತಿರುಗಿಸಿತು. ಕೈಕಾಲು ಆಡದ ಮಗನನ್ನು ಅಷ್ಟು ಕಡಿಮೆ ಹೊತ್ತಿನಲ್ಲಿ ಚಾಲಕನ ಸೀಟಿನಿಂದ ಹಿಂದಿನ ಸೀಟಿಗೆ ಸಾಗಿಸುವುದು ಎಷ್ಟು ಅಸಂಭವ ಎಂಬುದು ರಕ್ತದ ಗುರುತಿಗಿಂತ ಹೆಚ್ಚು ತೂಗಿತು. ಇಲ್ಲಿ ಕೆಳಗಿನ ತೀರ್ಮಾನ ನಿಂತದ್ದು ಯಾರ ಮುಖಭಾವದ ಮೇಲೂ ಅಲ್ಲ, ಊಹೆಗಳ ಮೇಲೆ. ಊಹೆ ಮಾಡಲು ಮೇಲಿನ ನ್ಯಾಯಾಧೀಶರಿಗೂ ಅಷ್ಟೇ ಅನುಕೂಲವಿದೆ ಎಂಬುದನ್ನು ಗಮನಿಸಬೇಕು.

ಅಜ್ಜಿಯ ಕೇಸಿಗೆ ಹಿಂತಿರುಗೋಣ. ಮಗ ನನ್ನ ಬಳಿ ತೀರ್ಪಿನ ಪ್ರತಿ ತಂದದ್ದು ಹಣಕ್ಕಾಗಿ ಅಲ್ಲ. "ನಮ್ಮಮ್ಮನ್ನ ಸುಳ್ಳಿ ಅಂದ್ಬಿಟ್ರು ಡಾಕ್ಟ್ರೇ, ಅವರು ಊಟ ಸರಿಯಾಗಿ ಮಾಡ್ತಾ ಇಲ್ಲ" ಎಂದರು. ಓದಿ ನೋಡಿದರೆ ತೀರ್ಪಿನಲ್ಲಿ ಎಲ್ಲೂ ಸುಳ್ಳಿ ಎಂದಿರಲಿಲ್ಲ. ಅವರು ಪ್ರಾಮಾಣಿಕರು, ನೆನಪಿದ್ದಷ್ಟು ಹೇಳಲು ಪ್ರಯತ್ನಿಸಿದ್ದಾರೆ, ಆದರೆ ಅವರ ಸಾಕ್ಷ್ಯದ ಮೇಲೆ ಭರವಸೆ ಇಡಲಾಗದು ಎಂದಿತ್ತು. ಕಾನೂನಿನಲ್ಲಿ ಇವು ಎರಡು ಬೇರೆ ವಿಷಯ. ಸುಳ್ಳು ಹೇಳುತ್ತಿದ್ದಾರೆಯೇ ಎಂಬುದು ಒಂದು, ಹೇಳುತ್ತಿರುವುದು ಸರಿಯಾಗಿದೆಯೇ ಎಂಬುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ "ನಂಬಲಿಲ್ಲ" ಎಂದೇ ಹೇಳಿಬಿಡುತ್ತೇವೆ, ಮಗ ಮನೆಗೆ ಹೋಗಿ ಹೇಳಿದ್ದೂ ಅದನ್ನೇ. ನಾನು ಆ ಪ್ಯಾರಾವನ್ನು ಅಜ್ಜಿಗೆ ನಿಧಾನವಾಗಿ ಕನ್ನಡದಲ್ಲಿ ಓದಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ "ಇದನ್ನ ಆವತ್ತೇ ಹೇಳ್ಬಾರ್ದಿತ್ತೇನೋ?" ಎಂದರು.

ಅಪೀಲಿನ ಲೆಕ್ಕ ಬೇರೆ. ಬ್ಯಾರಿಸ್ಟರ್ ಒಬ್ಬರ ಅಭಿಪ್ರಾಯ ಪಡೆದರು. 2009ರ ತೀರ್ಪಿನ ಬಲದಿಂದ ಟಿಪ್ಪಣಿಯನ್ನು ಪ್ರಶ್ನಿಸಬಹುದು, ಅನುವಾದದ ಎಡವಟ್ಟನ್ನೂ ಹೇಳಬಹುದು ಎಂದು ಅವರು ಒಪ್ಪಿದರು. ಆದರೆ ಕೆಳಗಿನ ತೀರ್ಪು ಎರಡು ಕಂಬದ ಮೇಲೆ ನಿಂತಿತ್ತು. ಮೊದಲನೆಯದು ಅಜ್ಜಿಗಿಂತ ಶಿಕ್ಷಕಿಯ ಮಾತು ನಂಬಿದ್ದು, ಅದಕ್ಕೆ ಕರ್ತವ್ಯದ ಪಟ್ಟಿಯ ಆಸರೆಯಿತ್ತು. ಎರಡನೆಯದು, ಅಜ್ಜಿ ಹೇಳಿದ್ದೇ ನಿಜವೆಂದಿಟ್ಟುಕೊಂಡರೂ ಕಾಲೆಳೆದದ್ದು ಕ್ಷಣಮಾತ್ರದ ತುಂಟಾಟ, ಅದನ್ನು ತಡೆಯದಿದ್ದದ್ದು ನಿರ್ಲಕ್ಷ್ಯವಾಗುವುದಿಲ್ಲ ಎಂಬುದು. 2005ರ ಫ್ಲೈಯಿಂಗ್ ಫಾಕ್ಸ್ ಇಲ್ಲಿ ನೇರವಾಗಿ ಅಡ್ಡ ಬಂದಿತ್ತು. ಒಂದು ಕಂಬ ಬೀಳಿಸಿದರೆ ಸಾಲದು, ಎರಡೂ ಬೀಳಬೇಕು. ಗಡುವು ಕೈತಪ್ಪದಂತೆ 28 ದಿನದೊಳಗೆ ಅಪೀಲಿನ ಉದ್ದೇಶದ ನೋಟಿಸು ಕೊಟ್ಟಿದ್ದರು. ಹಾಗೆ ಕೊಟ್ಟರೆ ಅಪೀಲು ಸಲ್ಲಿಸಲು ತೀರ್ಪಿನ ದಿನದಿಂದ ಮೂರು ತಿಂಗಳು ಸಿಗುತ್ತದೆ. ಆ ಮೂರು ತಿಂಗಳಲ್ಲಿ ಯೋಚಿಸಿ ಬೇಡವೆಂದು ಬಿಟ್ಟರು. ಖರ್ಚಿನ ವಿಷಯ ಹೇಗೆ ಬಗೆಹರಿಯಿತು ಎಂಬುದು ಅವರ ಮನೆಯ ಮಾತು. ಸಾಮಾನ್ಯವಾಗಿ ಸೋತವರು ಗೆದ್ದವರ ಖರ್ಚನ್ನೂ ಕೊಡಬೇಕು. ಮಗುವಿನ ಪರವಾಗಿ ದಾವೆ ನಡೆಸುವವರನ್ನು ಇಲ್ಲಿ 'ಟ್ಯೂಟರ್' ಎನ್ನುತ್ತಾರೆ, ಮನೆಪಾಠದ ಮೇಷ್ಟ್ರು ಅಲ್ಲ. ಆ ಖರ್ಚು ಅವರ ತಲೆಗೇ ಬರಬಹುದು.

ಹೊಸ ಸಾಕ್ಷ್ಯ ಅಪೀಲಿನಲ್ಲಿ ಕೊಡುತ್ತೇವೆ ಎನ್ನುವವರಿಗೆ ಒಂದು ಮಾತು. ವಿಶೇಷ ಕಾರಣವಿಲ್ಲದೆ ಅದನ್ನು ತೆಗೆದುಕೊಳ್ಳುವುದಿಲ್ಲ. ವಿಚಾರಣೆಯ ಹೊತ್ತಿಗೆ ಹುಡುಕಿದ್ದರೆ ಸಿಗುತ್ತಿದ್ದ ಸಾಕ್ಷ್ಯಕ್ಕೆ ಅಲ್ಲಿ ಜಾಗ ಸಿಗುವುದು ಬಹಳ ಕಷ್ಟ. ಆದ್ದರಿಂದ ಕೇಸು ಗೆಲ್ಲುವುದೋ ಸೋಲುವುದೋ ಮೊದಲ ವಾರದಲ್ಲೇ ಅರ್ಧ ನಿರ್ಧಾರವಾಗಿರುತ್ತದೆ. ಆಟದ ಸಾಧನದ ಕೆಳಗಿನ ನೆಲಕ್ಕೆ ಆಸ್ಟ್ರೇಲಿಯಾದಲ್ಲಿ 4422 ಸಂಖ್ಯೆಯ ಮಾನದಂಡವಿದೆ. ಬಿದ್ದಾಗ ತಲೆಗೆ ಆಗುವ ಪೆಟ್ಟಿನ ಅಳತೆ 1000 ದಾಟದಂತೆ ನೆಲ ಮೆತ್ತಗಿರಬೇಕು. ಮರದ ತೊಗಟೆಯ ಚೂರು ಹರಡಿದ ನೆಲ ಮಕ್ಕಳ ಕಾಲ್ತುಳಿತಕ್ಕೆ ಬಾರಿನ ಕೆಳಗೇ ತೆಳುವಾಗುತ್ತಾ ಹೋಗುತ್ತದೆ. ಮರುದಿನ ಕುಂಟೆ ಎಳೆದು ಸರಿ ಮಾಡಿದರೆ ಏನೂ ಉಳಿಯುವುದಿಲ್ಲ. ಅದೇ ದಿನ, ಪಕ್ಕದಲ್ಲಿ ಒಂದು ಸ್ಕೇಲು ನಿಲ್ಲಿಸಿ ತೆಗೆದ ಫೋಟೊ, ಕುದುರೆ ಪ್ರಕರಣದ ಚಕ್ರದ ಗುರುತಿನಂತೆ, ಯಾರ ಮುಖಭಾವವನ್ನೂ ಅವಲಂಬಿಸದ ಸಾಕ್ಷ್ಯ. ದಾವೆ ಹೂಡಲು ಮಗುವಿಗೆ ಹದಿನೆಂಟು ತುಂಬುವವರೆಗೆ ಕಾಲವಿದೆ ಎಂದು ಕೆಲವರು ತಿಳಿದಿದ್ದಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ತಂದೆತಾಯಿಗೆ ತಿಳಿದದ್ದು ಮಗುವಿಗೆ ತಿಳಿದಂತೆಯೇ ಎಂದು ಕಾಯ್ದೆ ಹೇಳುತ್ತದೆ, ಆದ್ದರಿಂದ ಮೂರು ವರ್ಷದ ಗಡುವು ಅಂದಿನಿಂದಲೇ ಓಡುತ್ತಿರಬಹುದು. ಸಾಲಿಸಿಟರನ್ನು ಬೇಗ ಕೇಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ದುಭಾಷಿಯ ಸೇವೆ ಉಚಿತ, ಫೋನಿನಲ್ಲೂ ಸಿಗುತ್ತದೆ. ಅಪ್ಪ ಅಮ್ಮ ಬರುವ ಮೊದಲು ಅಜ್ಜ ಅಜ್ಜಿಯೇ ಮಗುವಿನ ಜೊತೆ ಇದ್ದರೆ "ಕನ್ನಡ ಇಂಟರ್‌ಪ್ರೆಟರ್" ಎಂಬ ಎರಡು ಪದ ಅವರಿಗೆ ಕಲಿಸಿಟ್ಟಿರಿ. ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಸಾರಾಂಶ ಓದಿ. ಮಾತ್ರೆಯ ಹೆಸರು ಮಾತ್ರವಲ್ಲ, ಹೇಗೆ ಬಿದ್ದ ಎಂದು ಬರೆದ ಮೊದಲ ಸಾಲನ್ನೂ ಓದಿ. ತಪ್ಪಿದ್ದರೆ ಆಸ್ಪತ್ರೆಗೆ ಬರೆದು ತಿದ್ದುಪಡಿ ಕೇಳುವ ಹಕ್ಕು 2002ರ ಆರೋಗ್ಯ ದಾಖಲೆಗಳ ಕಾಯ್ದೆಯಲ್ಲಿದೆ. ಹಳೆಯ ಸಾಲನ್ನು ಅವರು ಅಳಿಸದಿದ್ದರೂ ನಿಮ್ಮ ಮಾತನ್ನು ಅದರ ಜೊತೆಗೆ ಸೇರಿಸುವಂತೆ ಕೇಳಬಹುದು. ಅದರ ಮೇಲೆ ತಾರೀಖು ಬೀಳುತ್ತದೆ. ಮೂರು ವರ್ಷದ ನಂತರ ಪಾಟೀಸವಾಲಿನಲ್ಲಿ ಹೇಳಿದ ಮಾತಿಗಿಂತ, ಮೂರನೇ ದಿನ ಬರೆದುಕೊಟ್ಟ ಆ ನಾಲ್ಕು ಸಾಲಿಗೆ ಮೇಲಿನ ಕೋರ್ಟಿನಲ್ಲೂ ಕೆಳಗಿನ ಕೋರ್ಟಿನಲ್ಲೂ ತೂಕ ಹೆಚ್ಚು.